ನಿನ್ನ ಮಂಗಳವಾರದ ಬಣ್ಣ

ಪ್ರೀತಿಯ ದೋಸ್ತಾ,

ನಿನ್ನ ಮೆಸೇಜ್ ಓದಿದೆ. ವಾರಗಳಿಗೆಲ್ಲ ಬಣ್ಣ ಕಾಣುತ್ತದಲ್ಲ, ಡಾಕ್ಟರಿಗೆ ತೋರಿಸಬೇಕಾ ಅಂತ ಕೇಳಿದ್ದೀಯ. ಏನೂ ಬೇಡ. ಮಂಗಳವಾರ ಇಟ್ಟಿಗೆ ಬಣ್ಣ, ಗುರುವಾರ ಸುಣ್ಣದ ಬಿಳಿ ಅಂತ ನೀನು ಕನ್ನಡ ಸಾಲೆಯಿಂದಲೂ ಹೇಳುತ್ತಾ ಬಂದವನು. ತಲೆಗೆ ಪೆಟ್ಟು ಬಿದ್ದು, ಈ ವಯಸ್ಸಿನಲ್ಲಿ ಒಮ್ಮೆಲೇ ಶುರುವಾಗಿದ್ದರೆ ಮಾತು ಬೇರೆ. ಚಿಕ್ಕಂದಿನಿಂದ ಇರುವುದು ರೋಗವಲ್ಲ. ಹೀಗೆ ವಾರಕ್ಕೋ ಅಂಕಿಗೋ ದನಿಗೋ ಬಣ್ಣದಂಥ ಇನ್ನೊಂದು ಅನುಭವ ತಾನಾಗಿ ಅಂಟಿಕೊಂಡು ಬರುವುದಕ್ಕೆ ಸಿನೆಸ್ತೇಸಿಯಾ ಅನ್ನುತ್ತಾರೆ.

2006ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಪ್ರಕಟವಾಯಿತು. ನೂರಕ್ಕೆ ಸುಮಾರು ನಾಲ್ಕು ಜನರಲ್ಲಿ ಇದರ ಒಂದಿಲ್ಲೊಂದು ಬಗೆ ಕಂಡಿತ್ತು. ಅದರಲ್ಲೂ ವಾರಗಳಿಗೆ ಬಣ್ಣ ಇರುವವರೇ ಜಾಸ್ತಿ. ನಮ್ಮ ಕ್ಲಾಸಿನಲ್ಲೂ ಇನ್ನೊಬ್ಬ ಇದ್ದನೋ ಏನೋ. ಮಾಸ್ತರರಿಂದ ನೀನು ತಿಂದ ಏಟು ನೋಡಿದ ಮೇಲೆ ಅವನು ಯಾಕೆ ಬಾಯಿ ಬಿಡುತ್ತಾನೆ ಹೇಳು!

ಮಿದುಳಿನ ವಿಜ್ಞಾನಿಗಳಾದ ವಿ.ಎಸ್. ರಾಮಚಂದ್ರನ್, ಎಡ್ವರ್ಡ್ ಹಬ್ಬಾರ್ಡ್ ಇಬ್ಬರೂ 2001ರಲ್ಲಿ ಒಂದು ವಿವರಣೆ ಕೊಟ್ಟರು. ಮಿದುಳಿನಲ್ಲಿ ಅಂಕಿ ಗುರುತಿಸುವ ಜಾಗವೂ ಬಣ್ಣ ಗುರುತಿಸುವ ಜಾಗವೂ ಅಕ್ಕಪಕ್ಕ ಇವೆ. ಕೆಲವರಲ್ಲಿ ಅವುಗಳ ನಡುವೆ ಸಂಪರ್ಕ ಹೆಚ್ಚಿರಬಹುದು. ಪಕ್ಕದ ಮನೆ ರೇಡಿಯೋ ಗೋಡೆ ದಾಟಿ ಕೇಳಿಸಿದ ಹಾಗೆ.

ಅವರದೇ ಇನ್ನೊಂದು ಆಟ ಇದೆ. ಒಂದು ಚೂಪು ಮೂಲೆಗಳ ಚಿತ್ರ, ಒಂದು ಗುಂಡನೆಯ ಚಿತ್ರ. ಯಾವುದು ಬೂಬಾ, ಯಾವುದು ಕಿಕಿ? ಅವ್ವ ತೊಗರಿಬೇಳೆಯಲ್ಲಿ ಹಳ್ಳು ಆರಿಸುತ್ತಾ ಕೂತಿದ್ದಳು. ಕಾಗದ ಮುಂದೆ ಹಿಡಿದೆ. ‘ಚೂಪಂದು ಕಿಕಿ. ಅದರಾಗ ಕೇಳೂದೇನೈತಿ?’ ಅಂದಳು. ಕೈ ನಿಲ್ಲಲೇ ಇಲ್ಲ. ಬಹುಪಾಲು ಜನ ಹಾಗೇ ಹೇಳುತ್ತಾರಂತೆ. ಅಂದರೆ ದನಿಯನ್ನೂ ಆಕಾರವನ್ನೂ ಗಂಟು ಹಾಕುವ ಚಾಳಿ ನಮ್ಮಲ್ಲಿ ಹೆಚ್ಚಿನವರಿಗೂ ಒಂಚೂರು ಇದೆ. ನಿನಗೆ ಕೈತುಂಬಾ ಸಿಕ್ಕಿದೆ, ಅಷ್ಟೇ.

ನಮ್ಮ ವಿಜಯಪುರದ ಸುಲ್ತಾನನಿಗೂ ಹೀಗೇ ಇತ್ತಾ ಅಂತ ಮಾತು ತೆಗೆದಿದ್ದೀಯ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹ. ಅವನು ಬರೆದ ಹಾಡುಗಳ ಪುಸ್ತಕ ‘ಕಿತಾಬ್-ಎ-ನೌರಸ್’ನಲ್ಲಿ ಭೈರವ ರಾಗ ಕರ್ಪೂರದ ಬಿಳುಪಿನವನು. ಹಣೆಯಲ್ಲಿ ಚಂದ್ರ, ಮೂರು ಕಣ್ಣು, ಜಟೆಯಲ್ಲಿ ಗಂಗೆ. ಸಾಕ್ಷಾತ್ ಶಿವನೇ! ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟವನು ಅವನು. ರಾಗಕ್ಕೆ ಮೈಬಣ್ಣ ಕೊಟ್ಟಿದ್ದರಲ್ಲಿ ಆಶ್ಚರ್ಯ ಏನಿದೆ?

ಆದರೆ ಅವನನ್ನೂ ನಿನ್ನನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಒಪ್ಪುವುದಿಲ್ಲ. ರಾಗಗಳಿಗೆ ರೂಪ ಕೊಡುವುದು ಅವನಿಗಿಂತ ಹಳೆಯ ರೂಢಿ. ಕವಿಗೂ ಚಿತ್ರಕಾರನಿಗೂ ಕೇಳುವವನಿಗೂ ಅದು ಗೊತ್ತಿತ್ತು. ಕಲಿತರೆ ಯಾರಿಗಾದರೂ ಬರುತ್ತದೆ. ನಿನ್ನ ಇಟ್ಟಿಗೆ ಬಣ್ಣವನ್ನು ಯಾರೂ ಕಲಿಸಲಿಲ್ಲ. ಬಿಡಿಸೋಣ ಅಂದ ಮಾಸ್ತರರಿಂದಲೂ ಆಗಲಿಲ್ಲ. ಚಂದದ ಉಪಮೆ ಬರೆದವರನ್ನೆಲ್ಲ ಸಿನೆಸ್ತೇಸಿಯಾದವರು ಅಂತ ಸಾಲಿಗೆ ನಿಲ್ಲಿಸುವ ಲೇಖನಗಳು ಬರುತ್ತಿರುತ್ತವೆ. ಓದಿದರೆ ನನಗೆ ಕಿರಿಕಿರಿ.

ನನಗಂತೂ ಬಣ್ಣಗಿಣ್ಣ ಏನೂ ಕಾಣುವುದಿಲ್ಲ. ಆದರೆ ತಿಕೋಟಾ ಕಡೆ ಮಣೂಕ, ಅಂದರೆ ಒಣದ್ರಾಕ್ಷಿ ಮಾಡುವ ಶೆಡ್ಡಿನಲ್ಲಿ ಗಂಧಕದ ಹೊಗೆ ಮೂಗಿಗೆ ಬಿತ್ತೋ, ಎಸ್ಸೆಸ್ಸೆಲ್ಸಿ ಗಣಿತ ಪೇಪರಿನ ದಿಗಿಲು ಹೊಟ್ಟೆಯಲ್ಲಿ ಏಳುತ್ತದೆ. ದ್ರಾಕ್ಷಿ ಒಣಗಿಸುವ ದಿನವೂ ಪರೀಕ್ಷೆಯ ದಿನವೂ ಒಂದೇ ಅಲ್ವಾ? ವಾಸನೆಯ ನರಗಳಿಗೆ ನೆನಪು, ಭಾವನೆಯ ಜಾಗಗಳ ಜೊತೆ ಬಹಳ ಹತ್ತಿರದ ನಂಟು. ಇದು ಬರೀ ನೆನಪು, ಸಿನೆಸ್ತೇಸಿಯಾ ಅಲ್ಲ. ನಿನ್ನ ಸಾಲಿನಲ್ಲಿ ನನಗೆ ಜಾಗ ಕೇಳುತ್ತಿಲ್ಲ, ಹೆದರಬೇಡ!

ಪರೀಕ್ಷೆ ಬೇಕೇ ಬೇಕು ಅಂದರೆ ಸುಲಭದ್ದಿದೆ. ವಾರ, ತಿಂಗಳು, ಅಂಕಿ ಎಲ್ಲದರ ಬಣ್ಣ ಈಗಲೇ ಬರೆದು ನನಗೆ ಕಳಿಸು. ನಿನ್ನ ಹತ್ತಿರ ಇಟ್ಟುಕೊಳ್ಳಬೇಡ. ದೀಪಾವಳಿ ಕಳೆದ ಮೇಲೆ ಹೇಳದೇ ಕೇಳದೇ ಫೋನ್ ಮಾಡಿ ಮತ್ತೆ ಕೇಳುತ್ತೇನೆ. ಸುಮ್ನೆ ಹೇಳಿದವರದು ಅಷ್ಟರಲ್ಲಿ ಅದಲುಬದಲಾಗಿರುತ್ತದೆ. ನಿನ್ನಂಥವರದು ಬಹುಪಾಲು ಹಾಗೇ ಇರುತ್ತದೆ.

ಮಗಳನ್ನೂ ಕೇಳಿ ನೋಡು. ಇದು ಮನೆತನದಲ್ಲಿ ಹರಿದು ಬರುವುದುಂಟು. ‘ಐದು ಹಸಿರಲ್ವಾ ಪುಟ್ಟಿ’ ಅಂತ ನೀನೇ ಬಾಯಿಗೆ ತುರುಕಬೇಡ ಮತ್ತೆ. ಇಲ್ಲ ಅಂದಳೋ, ಬಿಟ್ಟುಬಿಡು, ಆಡಲಿಕ್ಕೆ ಹೋಗಲಿ.

ಇಂತಿ ನಿನ್ನ ದೋಸ್ತ,
ವಿಜಯಪುರ