ಮಾಡೆಲ್ ಸಬ್‌ಮರೀನ್‌ಗೂ ಒಂದು ತಿಳಿನೀರಿನ ಕೊಳ ಕೊಡಿ

ಸಂಪಾದಕರಿಗೆ ನಮಸ್ಕಾರ,

ಬೇಸಿಗೆ ರಜೆ ಹತ್ರ ಬಂತು, ಊರ ತುಂಬ ಶಿಬಿರಗಳ ಬ್ಯಾನರ್ ಕಟ್ತಿದಾರೆ, ಡ್ರೋನ್ ಹಾರಿಸೋದು, ರೋಬೋಟ್ ಮಾಡೋದು, ಎಲ್ಲಾ ಇದೆ, ಸಂತೋಷ. ಆದ್ರೆ ನೀರೊಳಗೆ ಮುಳುಗಿ ಓಡೋ ರಿಮೋಟ್ ಸಬ್‌ಮರೀನ್ ಕಟ್ಟೋ ಹುಚ್ಚಿರೋರೂ ನಮ್ಮಲ್ಲಿ ಇದೀವಿ, ಬಿಡಿಭಾಗಗಳ ಕಿಟ್‌ನ ಹೇಗೋ ದುಡ್ಡು ಕೂಡಿಸಿ ಹೊರದೇಶದಿಂದ ತರಿಸ್ಕೋತೀವಿ, ತಿಂಗಳುಗಟ್ಲೆ ಕೂತು ಕಟ್ತೀವಿ, ಕಟ್ಟಿದ ಮೇಲೆ ಓಡಿಸೋಕೆ ನೀರೇ ಸಿಗಲ್ಲ. ನಮಗೆ ಬೇಕಿರೋದು ತಿಳಿಯಾದ, ಉಪ್ಪಿಲ್ಲದ, ಎದೆಮಟ್ಟದ ನೀರು. ನಗರಪಾಲಿಕೆ, ಕ್ರೀಡಾ ಇಲಾಖೆ, ಕಾಲೇಜುಗಳ ಎಷ್ಟೋ ಈಜುಕೊಳಗಳು ವಾರಕ್ಕೊಂದು ದಿನ ಕ್ಲೀನಿಂಗ್‌ಗೆ ಅಂತ ರಜಾ ಮಾಡ್ತವಲ್ಲ, ತಿಂಗಳಿಗೆ ಒಂದು ಸಲ ಅಂಥ ರಜಾ ದಿನ ಬೆಳಿಗ್ಗೆ ಎರಡು ಗಂಟೆ ನಮಗೆ ಬಿಟ್ಟುಕೊಡಿ ಅಂತ ಕೇಳೋಕೆ ಈ ಪತ್ರ.

ಒಂದು ಈಜುಕೊಳದಲ್ಲಿ ಹೋಗಿ ಕೇಳಿದ್ದೆ, ‘ಆಟದ ಸಾಮಾನು ಬಿಡೋಕೆ ಪರ್ಮಿಷನ್ ಇಲ್ಲ ಸಾರ್’ ಅಂದ್ರು. ಅವರು ಇಂಥದ್ದನ್ನ ನೋಡೇ ಇರಲ್ಲ, ಹಾಗಾಗಿ ಇದೇನು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಜಾಗ ಕೊಟ್ಟು ಪ್ರಕಟಿಸಿ ಅಂತ ಕೇಳ್ಕೋತೀನಿ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಪೆಸಿಫಿಕ್ ಸಮುದ್ರದಲ್ಲಿ ಓಡಿಸಿದ ಗ್ಯಾಟೋ ಕ್ಲಾಸ್ ಸಬ್‌ಮರೀನ್‌ನ ಕಿಟ್ ಒಂದಿದೆ, ರೆವೆಲ್ ಕಂಪನಿದು, 1/72 ಸ್ಕೇಲ್. ನಿಜವಾದ್ದು 95 ಮೀಟರ್ ಉದ್ದ, ಮಾಡೆಲ್ 1.3 ಮೀಟರ್ ಮೇಲಾಗುತ್ತೆ, ಅಂದ್ರೆ ನಾಲ್ಕಡಿಗಿಂತ ಜಾಸ್ತಿ. ಉದ್ದ 72 ಪಟ್ಟು ಕಡಿಮೆಯಾದ್ರೆ ಗಾತ್ರ 72ರ ಘನದಷ್ಟು, 3,73,248 ಪಟ್ಟು ಕಡಿಮೆಯಾಗುತ್ತೆ. ಮುಳುಗಿದಾಗ ಸುಮಾರು 2,460 ಟನ್ ನೀರು ಸರಿಸೋ ಹಡಗು ಮಾಡೆಲ್‌ನಲ್ಲಿ ಆರೂವರೆ ಕೆಜಿ ಲೆಕ್ಕಕ್ಕೆ ಬರುತ್ತೆ, ಅದೂ ಒಳಗೆ ತುಂಬೋ ನೀರನ್ನೂ ಸೇರಿಸಿ. ನಮ್ಮ ನೇವಿಯ ಈಗಿನ ಕಲ್ವರಿ ಕ್ಲಾಸ್ ಇದೆಯಲ್ಲ, ಮುಂಬೈ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ್ದು, 67.5 ಮೀಟರ್ ಉದ್ದ, ಮುಳುಗಿದಾಗ 1,775 ಟನ್, ಅದನ್ನ ಯಾರಾದ್ರೂ 1/40 ಸ್ಕೇಲ್‌ನಲ್ಲಿ ಕಟ್ಟಿದ್ರೆ 1.7 ಮೀಟರ್ ಉದ್ದ, 28 ಕೆಜಿ ಹತ್ರ ಆಗುತ್ತೆ, ನೀರಿಗಿಳಿಸೋಕೆ ಇಬ್ಬರು ಹಿಡೀಬೇಕು. ಇಷ್ಟು ದೊಡ್ಡ ವಸ್ತುನ ಬಕೆಟ್‌ನಲ್ಲಿ, ಮನೆ ತೊಟ್ಟಿಯಲ್ಲಿ ಓಡಿಸೋಕಾಗಲ್ಲ ಅನ್ನೋದು ಅಧಿಕಾರಿಗಳಿಗೂ ಅರ್ಥವಾಗುತ್ತೆ ಅನ್ಕೋತೀನಿ.

ಬಹಳ ಜನ ಇಡೀ ಮಾಡೆಲ್ ನೀರು ನುಗ್ಗದ ಹಾಗೆ ಸೀಲ್ ಆಗಿರುತ್ತೆ ಅನ್ಕೊಂಡಿರ್ತಾರೆ, ಹಾಗಿರಲ್ಲ. ಹೊರಗಿನ ಹಲ್, ಅಂದ್ರೆ ಹಡಗಿನ ಹೊರಮೈ ಕವಚದ ಒಳಗೆ ನೀರನ್ನ ನಾವೇ ಬಿಡ್ತೀವಿ, ಅದಕ್ಕೆ ಅಂತ ಅಡಿಯಲ್ಲೂ ಡೆಕ್‌ನಲ್ಲೂ ತೂತುಗಳು ಬೇಕು. ಕೆಲವು ಕಿಟ್‌ಗಳು ಶೋಕೇಸ್‌ನಲ್ಲಿ ಇಡೋಕೆ ಅಂತ ಮಾಡಿರೋದರಿಂದ ಅವುಗಳಲ್ಲಿ ಈ ತೂತುಗಳ ಆಕಾರ ಮಾತ್ರ ಅಚ್ಚಾಗಿರುತ್ತೆ, ಸಣ್ಣ ಡ್ರಿಲ್ಲು ಅರ ಹಿಡ್ಕೊಂಡು ಒಂದೊಂದನ್ನೇ ಬಿಡಿಸಬೇಕು, ವಾರಗಟ್ಲೆ ಅದೇ ಕೆಲಸ. ಒಣಗಿರಬೇಕಾದ್ದು ಹಲ್ ಮಧ್ಯೆ ಇಡೋ ಪಾಲಿಕಾರ್ಬೊನೇಟ್ ಇಲ್ಲಾ ಅಕ್ರಿಲಿಕ್ ಸಿಲಿಂಡರ್ ಒಂದೇ. ಮೋಟರ್, ಬ್ಯಾಟರಿ, ರಿಸೀವರ್, ಚುಕ್ಕಾಣಿ ತಿರುಗಿಸೋ ಸರ್ವೋ ಎಲ್ಲಾ ಅದರೊಳಗೆ, ಎರಡೂ ತುದಿಗೆ ಓ-ರಿಂಗ್ ಅನ್ನೋ ರಬ್ಬರ್ ಬಳೆ ಹಾಕಿದ ಮುಚ್ಚಳ, ಓ-ರಿಂಗ್‌ಗೆ ತೆಳ್ಳಗೆ ಸಿಲಿಕೋನ್ ಗ್ರೀಸ್. ಅಲ್ಲೊಂದು ಕೂದಲು ಸಿಕ್ಕಿಕೊಂಡಿದ್ರೂ ನೀರು ಒಳಗೆ ಬರುತ್ತೆ.

ಇನ್ನು ಮುಳುಗೋ ವಿಷಯ. ನೀರು ತುಂಬಿದ್ರೆ ಮುಳುಗಿಸೋ, ಖಾಲಿ ಮಾಡಿದ್ರೆ ತೇಲಿಸೋ ಬ್ಯಾಲಸ್ಟ್ ಟ್ಯಾಂಕ್‌ನೊಳಗೆ ಪಿಸ್ಟನ್ ಇಟ್ಟು ಮೋಟರಿಂದ ಹಿಂದೆ ಮುಂದೆ ಎಳೆಯೋ ವಿಧಾನ ಇದೆ, ಜರ್ಮನಿ ಕಿಟ್‌ಗಳಲ್ಲಿ ಅದು ಜಾಸ್ತಿ, ಪಂಪ್‌ನಿಂದ ನೀರು ತುಂಬಿ ಖಾಲಿ ಮಾಡೋದಿದೆ, ಒತ್ತಿಟ್ಟ ಗಾಳಿ ಬಿಟ್ಟು ನೀರನ್ನ ಹೊರಗೆ ತಳ್ಳೋದೂ ಇದೆ. ತಮಾಷೆ ಅಂದ್ರೆ ಟ್ಯಾಂಕ್ ಅಷ್ಟು ದೊಡ್ಡದಿರಬೇಕಿಲ್ಲ. ತೇಲ್ತಿರುವಾಗ ನೀರಿನ ಮೇಲೆ ಕಾಣೋ ಡೆಕ್ಕು, ಗೋಪುರ ಇವೆಲ್ಲ ಮುಳುಗಿದಾಗ ಎಷ್ಟು ನೀರು ಸರಿಸ್ತವೋ ಅಷ್ಟು ನೀರು ಟ್ಯಾಂಕ್ ಹಿಡಿದ್ರೆ ಸಾಕು, ಅವು ತೆಳು ಪ್ಲಾಸ್ಟಿಕ್ ಆಗಿರೋದರಿಂದ ಆ ಲೆಕ್ಕ ಸಣ್ಣದೇ. ಅದಕ್ಕೇ ಪ್ರತಿ ಗ್ರಾಮ್ ಲೆಕ್ಕಕ್ಕೆ ಬರೋದು. ಅಡಿಯಲ್ಲಿ ಸೀಸ, ಮೇಲ್ಭಾಗದಲ್ಲಿ ಫೋಮ್ ಇಡ್ತೀವಿ, ತೇಲಿಸೋ ಬಲದ ಕೇಂದ್ರ ಮೇಲೆ, ತೂಕದ ಕೇಂದ್ರ ಕೆಳಗೆ ಇರ್ಲೇಬೇಕು, ಇಲ್ಲಾಂದ್ರೆ ಪಕ್ಕಕ್ಕೆ ಮಗುಚ್ಕೊಳುತ್ತೆ. ಇನ್ನೊಂದು, ಹಲ್ ಮೂಲೆಯಲ್ಲಿ ಒಂಚೂರು ಗಾಳಿ ಸಿಕ್ಕಿಕೊಂಡಿದ್ರೆ ಮೇಲೆ ಸರಿಯಾಗೇ ಇರುತ್ತೆ, ಒಂದು ಮೀಟರ್ ಇಳಿದ್ರೆ ಒತ್ತಡ ಹತ್ತನೇ ಒಂದು ಭಾಗ ಹೆಚ್ಚಾಗಿ ಆ ಗುಳ್ಳೆ ಕುಗ್ಗುತ್ತೆ, ತೇಲಿಸೋ ಬಲ ಕಡಿಮೆಯಾಗುತ್ತೆ, ಮಾಡೆಲ್ ಇನ್ನೂ ಕೆಳಗಿಳಿಯುತ್ತೆ, ಇಳಿದಷ್ಟೂ ಗುಳ್ಳೆ ಇನ್ನೂ ಕುಗ್ಗುತ್ತೆ. ಬಾಯ್ಲ್ ನಿಯಮ ಅಂತ ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದು ಕಣ್ಣೆದುರೇ ನಡೆಯೋದು ಇಲ್ಲಿ, ಇದನ್ನ ನೋಡಿದ ಹುಡುಗ ಆ ನಿಯಮ ಮರೆಯೋದುಂಟಾ!

ಇದನ್ನ ಸರಿಮಾಡೋದು ಅಂದ್ರೆ ನೀರಲ್ಲಿಡೋದು, ನೋಡೋದು, ತೆಗೆಯೋದು, ಫೋಮ್ ಒಂದು ಬೆರಳಷ್ಟು ಸರಿಸೋದು, ಮತ್ತೆ ಇಡೋದು, ಇಡೀ ಬೆಳಿಗ್ಗೆ ಹೀಗೇ. ನೀರು ತಿಳಿಯಾಗಿಲ್ದಿದ್ರೆ ಮೂತಿ ಕೆಳಗಾಗಿದೆಯೋ ಬಾಲ ಕೆಳಗಾಗಿದೆಯೋ ಹೇಗೆ ಗೊತ್ತಾಗಬೇಕು? ನಮ್ಮ ಕೆರೆಗಳ ನೀರಲ್ಲಿ ಒಂದಡಿ ಇಳಿದ್ರೆ ಏನೂ ಕಾಣಲ್ಲ, ಜೊಂಡು ಪ್ರೊಪೆಲ್ಲರ್‌ಗೆ ಸುತ್ಕೊಳುತ್ತೆ. ನಮ್ಮ ಮೈಸೂರಿನ ಕುಕ್ಕರಹಳ್ಳಿ, ಕಾರಂಜಿ ಕೆರೆಗಳು ಹಕ್ಕಿಗಳ ಜಾಗ, ಅಲ್ಲಿ ಬಿಡಿ ಅಂತ ನಾನಂತೂ ಕೇಳಲ್ಲ, ಯಾರಾದ್ರೂ ಕೇಳಿದ್ರೂ ಕೊಡಬೇಡಿ. ಡ್ಯಾಮ್ ಹಿನ್ನೀರಿನ ಕಥೆ ಬೇರೆ, ಸೆಕ್ಯುರಿಟಿಯವರು ಪ್ರಶ್ನೆ ಮಾಡ್ತಾರೆ, ಮಾಡ್ಲೇಬೇಕು.

ಸಮುದ್ರಕ್ಕೆ ಹೋಗಿ ಅಂತಾರೆ ಕೆಲವರು. ಕಾರವಾರದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಇದೆ, 2022ರ ಮೇ ತಿಂಗಳಲ್ಲಿ ರಕ್ಷಣಾ ಮಂತ್ರಿಗಳು ಐಎನ್‌ಎಸ್ ಖಂಡೇರಿ ಸಬ್‌ಮರೀನ್‌ನಲ್ಲಿ ಸಮುದ್ರದೊಳಗೆ ಹೋಗಿ ಬಂದಿದ್ದು ಅಲ್ಲಿಂದಲೇ, ಆ ನೀರಲ್ಲಿ ನಮ್ಮ ಮಾಡೆಲ್ ಮಾತ್ರ ಓಡಲ್ಲ. ನೌಕಾನೆಲೆ ಹತ್ರ ಇಂಥದ್ದು ಬಿಡೋದೇ ತಪ್ಪು ಅನ್ನೋದು ಒಂದು ಕಡೆ ಇರ್ಲಿ, ಉಪ್ಪುನೀರು ವಿದ್ಯುತ್ ಹರಿಸುತ್ತೆ, ಹಾಗಾಗಿ ರೇಡಿಯೋ ಅಲೆ ಒಳಗೆ ಹೋಗೋದ್ರೊಳಗೇ ಸತ್ತುಹೋಗುತ್ತೆ. ನಿಜವಾದ ಸಬ್‌ಮರೀನ್‌ಗಳಿಗೆ ಮುಳುಗಿರುವಾಗ ಸಂದೇಶ ಕಳಿಸೋಕೆ ತಮಿಳುನಾಡಿನ ತಿರುನೆಲ್ವೇಲಿ ಹತ್ರ ಐಎನ್‌ಎಸ್ ಕಟ್ಟಬೊಮ್ಮನ್ ಅಂತ ಸ್ಟೇಷನ್ನೇ ಕಟ್ಟಿದಾರೆ, ಬಹಳ ಕಡಿಮೆ ಫ್ರೀಕ್ವೆನ್ಸಿ, ಭಾರೀ ಎತ್ತರದ ಟವರ್‌ಗಳು. ಸಿಹಿನೀರಲ್ಲಿ ನಮಗೆ ಅಷ್ಟು ಕಷ್ಟ ಇಲ್ಲ, ಆದ್ರೆ ಅಲ್ಲೂ ಈಗ ಅಂಗಡಿಯಲ್ಲಿ ಸಿಗೋ 2.4 ಗಿಗಾಹರ್ಟ್ಸ್ ರಿಮೋಟ್ ನಡೆಯಲ್ಲ, ಡ್ರೋನ್‌ಗೆ ಅದು ಚಿನ್ನ, ನೀರಲ್ಲಿ ಆಂಟೆನಾ ಸ್ವಲ್ಪ ಮುಳುಗಿದ್ರೂ ಸಿಗ್ನಲ್ ಹೋಯ್ತು. ಫ್ರೀಕ್ವೆನ್ಸಿ ಕಡಿಮೆಯಾದಷ್ಟೂ ಅಲೆ ನೀರೊಳಗೆ ಆಳಕ್ಕೆ ಇಳಿಯುತ್ತೆ, ಯುರೋಪಿನವರು 40 ಮೆಗಾಹರ್ಟ್ಸ್, ಅಮೆರಿಕದವರು 75 ಮೆಗಾಹರ್ಟ್ಸ್ ಹಳೇ ಸೆಟ್‌ಗಳನ್ನ ಈಗ್ಲೂ ಜೋಪಾನ ಮಾಡಿ ಇಟ್ಕೊಂಡಿರೋದು ಇದಕ್ಕೇ. ನಮ್ಮಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ ಕಡಿಮೆ ಪವರ್‌ನಲ್ಲಿ ಬಳಸೋಕೆ ಲೈಸೆನ್ಸ್ ಬೇಡ, ಆ 27ರ ಸೆಟ್ ಈಜುಕೊಳದ ಆಳಕ್ಕೆ ಸಾಕು. ಸಿಗ್ನಲ್ ತಪ್ಪಿದ್ರೂ ಫೇಲ್‌ಸೇಫ್ ಇರುತ್ತೆ, ತಾನಾಗೇ ಟ್ಯಾಂಕ್ ಖಾಲಿ ಮಾಡ್ಕೊಂಡು ಮೇಲೆ ಬರುತ್ತೆ.

ಈಗ ನನಗೆ ನಿಜವಾಗಿ ಭಯ ಇರೋ ವಿಷಯ. ಹಳ್ಳಿ ಕಡೆ ಕೃಷಿ ಹೊಂಡಗಳಿವೆ, ಪ್ಲಾಸ್ಟಿಕ್ ಹಾಸಿರೋದು, ನೀರು ತಿಳಿಯಾಗಿರುತ್ತೆ, ನೋಡಿದ ತಕ್ಷಣ ಸಬ್‌ಮರೀನ್‌ಗೆ ಹೇಳಿ ಮಾಡಿಸಿದ ಜಾಗ ಅನ್ಸುತ್ತೆ. ದಯವಿಟ್ಟು ಯಾರೂ ಅಲ್ಲಿಗೆ ಹೋಗಬೇಡಿ, ಮಕ್ಕಳನ್ನಂತೂ ಕಳಿಸ್ಲೇಬೇಡಿ. ಆ ಹಾಳೆ ಜಾರುತ್ತೆ, ದಡ ಇಳಿಜಾರು, ಹಿಡ್ಕೊಳೋಕೆ ಏನೂ ಇರಲ್ಲ, ಈಜು ಬರೋರೂ ಮೇಲೆ ಹತ್ತೋಕಾಗದೆ ಪ್ರಾಣ ಬಿಟ್ಟಿದಾರೆ, ನಿಮ್ಮ ಪತ್ರಿಕೆಯಲ್ಲೇ ಇಂಥ ಸುದ್ದಿ ಮತ್ತೆ ಮತ್ತೆ ಓದಿ ಹೊಟ್ಟೆ ಉರಿದಿದೆ. ಮಾಡೆಲ್ ಒಂದು ಮಧ್ಯದಲ್ಲಿ ನಿಂತುಹೋದ್ರೆ ಹುಡುಗರು ಸುಮ್ನಿರಲ್ಲ, ಇಷ್ಟು ತಿಂಗಳು ಕಷ್ಟಪಟ್ಟು ಕಟ್ಟಿದ್ದು ಅಂತ ಧುಮುಕಿಬಿಡ್ತಾರೆ. ಈಜುಕೊಳ ಕೊಡಿ ಅಂತ ಇಷ್ಟು ಒತ್ತಿ ಕೇಳ್ತಿರೋದೇ ಇದಕ್ಕೆ. ಅಲ್ಲಿ ಆಳ ಎಷ್ಟು ಅಂತ ಗೊತ್ತಿರುತ್ತೆ, ಏಣಿ ಇರುತ್ತೆ, ಗಾರ್ಡ್ ಇರ್ತಾರೆ.

ಕೊಳದವರಿಗೆ ನೀರು ಕೆಡುತ್ತೆ ಅನ್ನೋ ಚಿಂತೆ ಬೇಡ. ಪೆಟ್ರೋಲು ಡೀಸೆಲ್ ಇಲ್ಲ, ಎಲ್ಲಾ ಬ್ಯಾಟರಿ, ಅದೂ ಸಿಲಿಂಡರ್ ಒಳಗೆ. ಸ್ಪೀಡ್ ಕೂಡ ನಡಿಗೆಯಷ್ಟೇ, ಗ್ಯಾಟೋ ನೀರಿನ ಮೇಲೆ 21 ನಾಟ್ ಹೋಗ್ತಿತ್ತು, ಮಾಡೆಲ್‌ಗೆ ಅದನ್ನ 72ರ ವರ್ಗಮೂಲದಿಂದ ಭಾಗಿಸಬೇಕು, ಎರಡೂವರೆ ನಾಟ್, ಅಂದ್ರೆ ಗಂಟೆಗೆ ನಾಲ್ಕೂವರೆ ಕಿಲೋಮೀಟರ್ ಹತ್ರ ಬರುತ್ತೆ, ಮುಳುಗಿದಾಗ ಅದರ ಅರ್ಧಕ್ಕಿಂತ ಕಡಿಮೆ. ಟೈಲ್ಸ್ ಒಡೆಯೋಷ್ಟು ಜೋರಿಲ್ಲ. ನೀರಲ್ಲಿ ಮನುಷ್ಯರಿರುವಾಗ ಬಿಡಬಾರದು ಅನ್ನೋ ಒಂದು ನಿಯಮ ಮಾತ್ರ ಕಟ್ಟುನಿಟ್ಟಾಗಿ ಇಡಿ, ಪ್ರೊಪೆಲ್ಲರ್ ಚಿಕ್ಕದಾದ್ರೂ ಬೆರಳಿಗೆ ತಾಗಿದ್ರೆ ಗಾಯ ಆಗುತ್ತೆ.

ಎನ್‌ಸಿಸಿ ನೇವಲ್ ವಿಂಗ್‌ನಲ್ಲಿ ಶಿಪ್ ಮಾಡೆಲಿಂಗ್ ಸ್ಪರ್ಧೆ ಮೊದಲಿಂದ್ಲೂ ಇದೆ, ಮರ ಕೆತ್ತಿ ಹಡಗು ಮಾಡೋ ಕೈಚಳಕ ಆ ಕೆಡೆಟ್‌ಗಳಿಗೆ ಚೆನ್ನಾಗಿದೆ, ಅವರಿಗೆ ಮುಳುಗೋ ಮಾಡೆಲ್ ಹೊಸ ಸವಾಲಾಗುತ್ತೆ. ದುಬಾರಿ ಕಿಟ್ಟೇ ಬೇಕು ಅಂತೇನಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಸಿಗೋ 50 ಎಂಎಲ್ ಸಿರಿಂಜ್ ಪಿಸ್ಟನ್ ಟ್ಯಾಂಕ್ ಆಗುತ್ತೆ, ಕಾರಿನ ಗಾಜಿಗೆ ನೀರು ಚಿಮ್ಮಿಸೋ ಪುಟ್ಟ ಪಂಪ್ ಬ್ಯಾಲಸ್ಟ್ ಪಂಪ್ ಆಗುತ್ತೆ, ಓ-ರಿಂಗು ಬೇರಿಂಗ್ ಅಂಗಡಿಯಲ್ಲಿ, ಮುಚ್ಚಳ ತಿರುವಿಸೋಕೆ ಊರಿಗೊಂದು ಲೇತ್ ಇದ್ದೇ ಇರುತ್ತೆ, ಹಲ್‌ಗೆ ಪಿವಿಸಿ ಪೈಪು. ಪಾಲಿಟೆಕ್ನಿಕ್, ಐಟಿಐ ಹುಡುಗರಿಗೆ ಇದರಲ್ಲಿ ಮೆಕ್ಯಾನಿಕಲ್ಲು, ಎಲೆಕ್ಟ್ರಾನಿಕ್ಸು, ಫಿಸಿಕ್ಸು ಒಟ್ಟಿಗೇ ಸಿಗುತ್ತೆ. ವಿಶಾಖಪಟ್ಟಣದ ಬೀಚ್‌ನಲ್ಲಿ ಐಎನ್‌ಎಸ್ ಕುರ್ಸುರಾ ಸಬ್‌ಮರೀನ್ ಮ್ಯೂಸಿಯಂ ಇದೆ, ಒಳಗೆ ಹೋಗಿ ನೋಡಬಹುದು, 91 ಮೀಟರ್ ಉದ್ದ, ಆದ್ರೆ ಅದು ದಡದ ಮೇಲೆ ನಿಂತಿದೆ. ಟ್ಯಾಂಕ್‌ಗೆ ನೀರು ತುಂಬ್ತಾ ತುಂಬ್ತಾ ಡೆಕ್ಕು ಮುಳುಗಿ, ಗೋಪುರ ಮುಳುಗಿ, ಪೆರಿಸ್ಕೋಪ್ ಒಂದೇ ನೀರು ಸೀಳ್ಕೊಂಡು ಹೋಗೋದನ್ನ ನಮ್ಮ ಮಕ್ಕಳು ಎಲ್ಲಿ ನೋಡಬೇಕು?

ಮೈಸೂರಿನ ಯಾವುದಾದ್ರೂ ಕಾಲೇಜಿನವರು, ಈಜುಕೊಳದವರು ಒಪ್ಪೋದಾದ್ರೆ ನಿಮ್ಮ ಪತ್ರಿಕೆ ಮೂಲಕವೇ ತಿಳಿಸಲಿ. ಮಾಡೆಲ್ ನಾನು ತರ್ತೀನಿ, ಕೊಳದ ಬಾಡಿಗೆ ಏನಿದ್ಯೋ ಅದನ್ನೂ ಕೊಡ್ತೀನಿ, ಗಾರ್ಡ್ ಇರೋ ಹೊತ್ತನ್ನ ಅವರೇ ಗೊತ್ತು ಮಾಡ್ಲಿ. ಹತ್ತಿರದ ಸರ್ಕಾರಿ ಹೈಸ್ಕೂಲ್ ಮಕ್ಕಳನ್ನ ಕರ್ಕೊಂಡು ಬರೋಕೆ ವಿಜ್ಞಾನದ ಟೀಚರ್‌ಗಳು ಮನಸ್ಸು ಮಾಡಿದ್ರೆ, ರಿಮೋಟ್ ಮೊದಲು ಅವರ ಕೈಗೇ ಕೊಡ್ತೀನಿ.

ಇಂತಿ,
ನಿಮ್ಮ ಓದುಗ, ಮೈಸೂರು