ಕಾರ್ಡ್ ಪಂದ್ಯಾಟದಲ್ಲಿ ಸೋತ ಮಗುವೂ ಕೊನೆಯ ಸುತ್ತಿನವರೆಗೆ ಆಡಲಿ

ಮಾನ್ಯ ಸಂಪಾದಕರೇ,

ಕಲಬುರಗಿ ನಗರದಲ್ಲಿ ಪೋಕೆಮಾನ್, ಮ್ಯಾಜಿಕ್ ಮೊದಲಾದ ಟ್ರೇಡಿಂಗ್ ಕಾರ್ಡ್ ಆಟಗಳನ್ನು ಕಲಿತ ಶಾಲಾ ಮಕ್ಕಳ ಹಾಗೂ ಕಾಲೇಜು ಹುಡುಗರ ಸಣ್ಣ ಗುಂಪುಗಳು ಈಚೆಗೆ ಹುಟ್ಟಿಕೊಂಡಿದ್ದು, ರಜೆಯ ದಿನಗಳಲ್ಲಿ ಪ್ರವೇಶ ಶುಲ್ಕವಿಟ್ಟು ಪಂದ್ಯಾಟ ನಡೆಸುವ ರೂಢಿಯೂ ಆರಂಭವಾಗಿದೆ. ಮೊಬೈಲ್ ಬದಿಗಿಟ್ಟು ಮಕ್ಕಳು ಎದುರುಬದುರಾಗಿ ಕುಳಿತು, ಲೆಕ್ಕ ಹಾಕುತ್ತ, ಮಾತನಾಡುತ್ತ ಆಡುವುದನ್ನು ಕಂಡು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಈ ಪಂದ್ಯಾಟಗಳಲ್ಲಿ ಜಗಳ, ಅಳು ಮತ್ತು ಮೋಸದ ಆರೋಪಗಳು ಹೆಚ್ಚುತ್ತಿವೆ. ಅದಕ್ಕೆ ಪಾಲಕರು ಆಟವನ್ನೇ ದೂರುತ್ತಾರೆ. ಸಂಘಟಕರು ಸ್ಪರ್ಧೆ ಎಂದ ಮೇಲೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಾಗುತ್ತಾರೆ. ಎರಡೂ ಸರಿಯಲ್ಲ. ಮಕ್ಕಳ ನಡತೆ ಬಹುಮಟ್ಟಿಗೆ ಪಂದ್ಯಾಟವನ್ನು ಕಟ್ಟಿದ ರೀತಿಯಿಂದಲೇ ರೂಪುಗೊಳ್ಳುತ್ತದೆ, ಮತ್ತು ಆ ರೀತಿಯನ್ನು ಬದಲಿಸುವುದು ನಮ್ಮ ಕೈಯಲ್ಲೇ ಇದೆ ಎಂದು ತಿಳಿಸುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಕಾರ್ಡ್ ಎಂದೊಡನೆ ಇಸ್ಪೀಟ್ ಮತ್ತು ಅಂದರ್ ಬಾಹರ್ ನೆನಪಾಗುವ ಹಿರಿಯರಿಗೆ ಒಂದೆರಡು ಮಾತು ಹೇಳಬೇಕು. ಈ ಆಟಗಳಲ್ಲಿ ಪ್ರತಿಯೊಬ್ಬ ಆಟಗಾರನೂ ತನ್ನ ಕಟ್ಟನ್ನು ತಾನೇ ಆಯ್ದು ಕಟ್ಟಿಕೊಂಡು ಬರುತ್ತಾನೆ. ಪೋಕೆಮಾನ್ ಆಟದಲ್ಲಿ ಒಂದು ಡೆಕ್ಕಿಗೆ ಸರಿಯಾಗಿ 60 ಕಾರ್ಡುಗಳಿರಬೇಕು. ಆಟದ ಪಾತ್ರಗಳಿಗೆ ದಾಳಿ ಮಾಡಲು ಶಕ್ತಿ ಕೊಡುವ ಮೂಲ ಎನರ್ಜಿ ಕಾರ್ಡುಗಳನ್ನು ಬಿಟ್ಟರೆ ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ಆಟ ಆರಂಭವಾಗುವಾಗ ಕೈಗೆ ಬರುವುದು 7 ಕಾರ್ಡು. ಗಣಿತ ಕಲಿಸಿದವನಾದ ನಾನು ಮಕ್ಕಳಿಗೆ ಒಂದು ಲೆಕ್ಕ ಮಾಡಿಸುವುದುಂಟು: ನಾಲ್ಕು ಪ್ರತಿ ಇಟ್ಟುಕೊಂಡ ಕಾರ್ಡು ಮೊದಲ ಏಳರಲ್ಲಿ ಒಂದಾದರೂ ಬರುವ ಸಂಭವ ಎಷ್ಟು? ಉತ್ತರ, ನೂರಕ್ಕೆ ಸುಮಾರು 40. ಅಂದರೆ ನೂರು ಆಟಗಳಲ್ಲಿ ಅರವತ್ತರಷ್ಟು ಸಲ, ಯಾವ ಕಾರ್ಡಿನ ಮೇಲೆ ಭರವಸೆಯಿಟ್ಟು ಕಟ್ಟು ಕಟ್ಟಿದ್ದೇವೆಯೋ ಅದು ಆರಂಭದಲ್ಲಿ ಕೈಯಲ್ಲಿರುವುದಿಲ್ಲ. ಜಾಣ್ಮೆಯಷ್ಟೇ ಅದೃಷ್ಟಕ್ಕೂ ಇಲ್ಲಿ ಪಾಲಿರುವುದರಿಂದ ಒಂದು ಆಟದ ಸೋಲು ಸೋತವನ ಯೋಗ್ಯತೆಯನ್ನು ಹೇಳುವುದಿಲ್ಲ. ಮುಂದಿನ ನನ್ನ ಮಾತಿಗೆಲ್ಲ ಈ ಲೆಕ್ಕವೇ ಆಧಾರ.

ಕೆಲವು ವಾರಗಳ ಹಿಂದೆ ನಗರದ ಒಂದು ಪಂದ್ಯಾಟದಲ್ಲಿ ಜೇವರ್ಗಿಯಿಂದ ತಂದೆಯೊಂದಿಗೆ ಬಸ್ಸಿನಲ್ಲಿ ಬಂದಿದ್ದ ಐದನೆಯ ತರಗತಿಯ ಹುಡುಗನೊಬ್ಬನನ್ನು ಪದವಿ ಓದುತ್ತಿರುವ ಯುವಕನ ಎದುರು ಕೂರಿಸಿದ್ದರು. ಒಂದು ಸರದಿಗೆ ಕೈಯಿಂದ ಒಂದೇ ಎನರ್ಜಿ ಕಾರ್ಡನ್ನು ಹಚ್ಚಬಹುದೆಂಬುದು ನಿಯಮ. ಹುಡುಗ ಅದನ್ನು ಹಿಂದಿನ ಸಾಲಿನ ಬೇರೊಂದು ಕಾರ್ಡಿಗೆ ಹಚ್ಚಿ, ಕೈ ತೆಗೆಯುವ ಮೊದಲೇ ತಪ್ಪು ಗೊತ್ತಾಗಿ, "ಅಣ್ಣಾ, ಇದಕ್ಕಲ್ಲ, ಅದಕ್ಕ ಇಡ್ತೀನಿ" ಎಂದ. ಯುವಕ, "ಇಟ್ಟೀದಿ ಅಂದ್ರ ಮುಗೀತು" ಎಂದು ಒಪ್ಪಲಿಲ್ಲ. ಸಂಘಟಕರನ್ನು ಕರೆದಾಗ ಅವರೂ ನಿಯಮ ನಿಯಮವೇ ಎಂದರು. ಹುಡುಗ ಸೋತ. ಅದು ನಾಕೌಟ್ ಪಂದ್ಯಾಟವಾಗಿದ್ದರಿಂದ, ಕೂತ ಹದಿನೈದು ನಿಮಿಷದೊಳಗೆ ಅವನ ಆಟ ಮುಗಿಯಿತು. ಉಳಿದ ಮಧ್ಯಾಹ್ನವನ್ನು ಅವನು ಗೋಡೆಗೆ ಒರಗಿ ನಿಂತು ಇತರರ ಆಟ ನೋಡುತ್ತ ಕಳೆದ.

ಆ ಯುವಕನನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಮೊದಲ ಸ್ಥಾನಕ್ಕಷ್ಟೇ ಬಹುಮಾನ, ಒಂದು ಸೋಲಿಗೆ ಹೊರಗೆ ಎಂಬ ಏರ್ಪಾಟಿನಲ್ಲಿ ಔದಾರ್ಯ ತೋರುವವನು ತನ್ನ ಶುಲ್ಕವನ್ನೂ ದಿನವನ್ನೂ ಪಣಕ್ಕಿಟ್ಟಂತೆ. ಆದರೆ ಸಂಘಟಕರು ನಿಯಮದ ಹೆಸರು ಹೇಳಿದ್ದರಿಂದ, ಈ ಆಟಗಳ ನಿಯಮಗಳು ನಿಜವಾಗಿ ಏನು ಹೇಳುತ್ತವೆ ಎಂಬುದನ್ನು ವಿವರಿಸಬೇಕಾಗಿದೆ. ಮ್ಯಾಜಿಕ್ ಆಟದ ಅಧಿಕೃತ ಪಂದ್ಯ ನಿಯಮಗಳ ಪ್ರಕಾರ, ಆಟಗಾರನು ಒಂದು ನಡೆ ನಡೆಸಿದ ಮೇಲೆ ಅದರಿಂದ ಯಾವುದೇ ಹೊಸ ಮಾಹಿತಿಯನ್ನು ಪಡೆದಿಲ್ಲವಾದರೆ, ಅಂದರೆ ಹೊಸ ಕಾರ್ಡನ್ನು ನೋಡಿಲ್ಲ, ಎದುರಾಳಿಯ ಪ್ರತಿಕ್ರಿಯೆಯಿಂದ ಏನನ್ನೂ ತಿಳಿದುಕೊಂಡಿಲ್ಲ ಎಂದಾದರೆ, ಅವನು ಮನಸ್ಸು ಬದಲಿಸಲು ತೀರ್ಪುಗಾರರು ಅವಕಾಶ ಕೊಡಬಹುದು. ಇದು ದಾಕ್ಷಿಣ್ಯವಲ್ಲ, ನ್ಯಾಯದ ಒಂದು ಸ್ಪಷ್ಟ ಅಳತೆ. ಕೈ ಜಾರಿದವನಿಗೂ, ಎದುರಾಳಿಯ ಮುಖ ನೋಡಿ ನಡೆ ಬದಲಿಸುವವನಿಗೂ ಇರುವ ವ್ಯತ್ಯಾಸವನ್ನು ಅದು ಗುರುತಿಸುತ್ತದೆ. ಅದೇ ಆಟದಲ್ಲಿ ನಿಯಮಪಾಲನೆಗೆ ರೆಗ್ಯುಲರ್, ಕಾಂಪಿಟೆಟಿವ್, ಪ್ರೊಫೆಷನಲ್ ಎಂಬ ಮೂರು ಮಟ್ಟಗಳಿವೆ. ಅಂಗಡಿಗಳಲ್ಲಿ ನಡೆಯುವ ಸಾಮಾನ್ಯ ಪಂದ್ಯಾಟಗಳು ಮೊದಲನೆಯದಕ್ಕೆ ಸೇರುತ್ತವೆ; ಅಲ್ಲಿ ತಪ್ಪಾದಾಗ ದಂಡ ವಿಧಿಸುವುದಕ್ಕಿಂತ ಸರಿಪಡಿಸಿ ಕಲಿಸುವುದಕ್ಕೆ ಆದ್ಯತೆ. ಪೋಕೆಮಾನ್ ಪಂದ್ಯಾಟಗಳ ಅಧಿಕೃತ ನಿಯಮಾವಳಿಯಂತೂ ಆಟದ ಆಶಯವೆಂದು ಸಂತೋಷ, ನ್ಯಾಯ, ಪ್ರಾಮಾಣಿಕತೆ, ಗೌರವ, ಕ್ರೀಡಾ ಮನೋಭಾವ ಹಾಗೂ ಕಲಿಕೆಯನ್ನು ಹೆಸರಿಸುತ್ತದೆ. ಅಲ್ಲಿ ಆಟಗಾರರನ್ನು ವಯಸ್ಸಿನ ಪ್ರಕಾರ ಜೂನಿಯರ್, ಸೀನಿಯರ್, ಮಾಸ್ಟರ್ಸ್ ಎಂದು ವಿಂಗಡಿಸುತ್ತಾರೆ. ಜಗತ್ತಿನ ದೊಡ್ಡ ಪಂದ್ಯಾಟಗಳಲ್ಲಿ ಇಲ್ಲದ ಕಾಠಿಣ್ಯವನ್ನು ನಾವು ಹತ್ತು ವರ್ಷದ ಮಕ್ಕಳ ಮೇಲೆ ಏಕೆ ಹೇರುತ್ತಿದ್ದೇವೆ?

ನಮ್ಮ ಭಾಗದ ಜಾತ್ರೆಗಳ ಕುಸ್ತಿ ಕಣದಲ್ಲಿ ಹಿರಿಯರು ವಯಸ್ಸು, ಮೈಕಟ್ಟು ನೋಡಿ ಜೋಡಿ ಬಿಡುತ್ತಾರೆ. ಚಿಕ್ಕ ಹುಡುಗರ ಕುಸ್ತಿಗೆ ತೆಂಗಿನಕಾಯಿ ಬಹುಮಾನ. ಬೆಳ್ಳಿ ಕಡಗದ ಕುಸ್ತಿ ಕೊನೆಗೆ, ನುರಿತ ಪೈಲ್ವಾನರಿಗೆ. ಕಡಗಕ್ಕೆ ಸೆಣಸುವವರ ಎದುರು ಬಾಲಕನನ್ನು ಯಾರೂ ಇಳಿಸುವುದಿಲ್ಲ. ಕಾರ್ಡ್ ಪಂದ್ಯಾಟದಲ್ಲಿ ಈ ವಿವೇಚನೆಯನ್ನು ತರಲು ಉತ್ತಮ ದಾರಿಯೆಂದರೆ ಚೆಸ್ ಆಟಗಾರರಿಗೆಲ್ಲ ಪರಿಚಯವಿರುವ ಸ್ವಿಸ್ ಪದ್ಧತಿ. 1895ರಲ್ಲಿ ಜ್ಯೂರಿಕ್ ನಗರದ ಚೆಸ್ ಪಂದ್ಯಾಟದಲ್ಲಿ ಬಳಕೆಗೆ ಬಂದ ಈ ಪದ್ಧತಿಯಲ್ಲಿ ಸೋತವರು ಹೊರಹೋಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಸಮಾನ ಅಂಕ ಪಡೆದವರನ್ನು ಪರಸ್ಪರ ಜೋಡಿಸಲಾಗುತ್ತದೆ. ಹದಿನಾರು ಮಕ್ಕಳಿದ್ದಾರೆ ಎಂದುಕೊಳ್ಳೋಣ. ನಾಕೌಟ್‌ನಲ್ಲಿ ಮೊದಲ ಸುತ್ತಿಗೇ ಎಂಟು ಮಂದಿ ಮನೆಗೆ. ಒಟ್ಟು ನಡೆಯುವ ಪಂದ್ಯಗಳು 15. ಅದೇ ಮಕ್ಕಳಿಗೆ ಸ್ವಿಸ್ ಪದ್ಧತಿಯಲ್ಲಿ ನಾಲ್ಕು ಸುತ್ತು ಆಡಿಸಿದರೆ 32 ಪಂದ್ಯಗಳು ನಡೆಯುತ್ತವೆ, ಮತ್ತು ಎಲ್ಲರೂ ನಾಲ್ಕು ಸಲ ಆಡಿರುತ್ತಾರೆ. ಸೋತವನಿಗೆ ಮುಂದಿನ ಸುತ್ತಿನಲ್ಲಿ ಸೋತವನೇ ಎದುರಾಗುವುದರಿಂದ ಆಟ ಸಮಬಲದ್ದಾಗುತ್ತದೆ, ಅಪರೂಪಕ್ಕೊಮ್ಮೆ ಗೆಲ್ಲುವ ಸಂತೋಷವೂ ಸಿಗುತ್ತದೆ. ಸುತ್ತಿಗೆ 30 ನಿಮಿಷವಿಟ್ಟರೆ ಎರಡೂವರೆ ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ಗೆಲುವಿಗೆ 3, ಸಮಬಲಕ್ಕೆ 1 ಅಂಕ ಕೊಡುವ ಅಧಿಕೃತ ಕ್ರಮವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ನಡೆಸಬಹುದು. ಕಂಪ್ಯೂಟರ್ ಕೂಡ ಬೇಕಿಲ್ಲ.

ಬಹುಮಾನದ ವಿಷಯ ಇನ್ನೂ ಗಂಭೀರವಾದುದು. ಮ್ಯಾಜಿಕ್ ಆಟವನ್ನು ರಿಚರ್ಡ್ ಗಾರ್‌ಫೀಲ್ಡ್ ಎಂಬ ಗಣಿತಜ್ಞ ರೂಪಿಸಿ, ಅದು 1993ರಲ್ಲಿ ಪ್ರಕಟವಾದಾಗ, ಇಬ್ಬರೂ ಆಟದ ಮುಂಚೆ ತಮ್ಮ ಕಟ್ಟಿನಿಂದ ಒಂದೊಂದು ಕಾರ್ಡನ್ನು ಪಣವಾಗಿಟ್ಟು, ಗೆದ್ದವನು ಎರಡನ್ನೂ ತೆಗೆದುಕೊಳ್ಳುವ ಆಂಟೆ ಎಂಬ ನಿಯಮವಿತ್ತು. ತಮ್ಮ ಕಾರ್ಡು ಕಳೆದುಕೊಳ್ಳುವುದು ಆಟಗಾರರಿಗೆ ಹಿಡಿಸಲಿಲ್ಲ. ಆಟದ ಒಡೆಯರೇ ಕೆಲವು ವರ್ಷಗಳಲ್ಲಿ ಅದನ್ನು ಕೈಬಿಟ್ಟರು, ಪಣಕ್ಕೆ ಸಂಬಂಧಿಸಿದ ಕಾರ್ಡುಗಳನ್ನು ಪಂದ್ಯಾಟಗಳಿಂದ ನಿಷೇಧಿಸಿದರು. ಅಲ್ಲಿ ಬಿಟ್ಟ ಪದ್ಧತಿಯನ್ನು ನಮ್ಮ ಶಾಲೆಗಳ ಅಂಗಳದಲ್ಲಿ ಮಕ್ಕಳು ಮತ್ತೆ ಹಿಡಿದಿದ್ದಾರೆ: ಗೆದ್ದವನಿಗೆ ಸೋತವನ ಹೊಳೆಯುವ ಕಾರ್ಡು. ಪಾಲಕರು ಇದನ್ನು ಜೂಜು ಎಂದಾಗ ನನಗೆ ಎದುರು ಹೇಳಲು ಮಾತು ಉಳಿಯುವುದಿಲ್ಲ. ಸಂಘಟಕರು ಮೊದಲು ಇದನ್ನು ನಿಲ್ಲಿಸಬೇಕು. ಅಧಿಕೃತ ನಿಯಮಗಳಲ್ಲಿ ಪಂದ್ಯವನ್ನು ಬಿಟ್ಟುಕೊಡಲು ಅವಕಾಶವಿದೆ, ಆದರೆ ಅದಕ್ಕಾಗಿ ಕಾರ್ಡನ್ನೋ ಹಣವನ್ನೋ ಪಡೆಯುವುದು ಲಂಚವೆಂದು ಪರಿಗಣಿತವಾಗಿ ಆಟಗಾರನನ್ನು ಅನರ್ಹಗೊಳಿಸಲಾಗುತ್ತದೆ. ಈ ಮಾತನ್ನು ಪಂದ್ಯಾಟದ ಆರಂಭದಲ್ಲೇ ಮಕ್ಕಳಿಗೆ ಓದಿ ಹೇಳಬೇಕು.

ಕಾರ್ಡುಗಳ ಮಾರುಕಟ್ಟೆ ಬೆಲೆಯ ಮಾತು ಮಕ್ಕಳ ತಲೆಯಲ್ಲಿ ತುಂಬಿಕೊಂಡಿರುವುದೂ ನಿಜ. ಪಿಕಾಚು ಇಲಸ್ಟ್ರೇಟರ್ ಎಂಬ ಕಾರ್ಡು 2021ರಲ್ಲಿ 52 ಲಕ್ಷ 75 ಸಾವಿರ ಡಾಲರಿಗೆ ಮಾರಾಟವಾದ ಸುದ್ದಿಯನ್ನು ಆರನೆಯ ತರಗತಿಯ ಮಕ್ಕಳು ಬಾಯಿಪಾಠ ಹೇಳುತ್ತಾರೆ. ಆ ಕಾರ್ಡು 1997-98ರಲ್ಲಿ ಜಪಾನಿನ ಒಂದು ಮಕ್ಕಳ ಪತ್ರಿಕೆ ಓದುಗರಿಗಾಗಿ ಏರ್ಪಡಿಸಿದ್ದ ಚಿತ್ರ ಬರೆಯುವ ಸ್ಪರ್ಧೆಗಳ ವಿಜೇತರಿಗೆ ಕೊಟ್ಟ ಬಹುಮಾನವಾಗಿತ್ತು ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ನಮ್ಮ ಪಂದ್ಯಾಟಗಳಲ್ಲೂ ಸಂಗ್ರಹವಾದ ಶುಲ್ಕವನ್ನೆಲ್ಲ ಒಬ್ಬನಿಗೆ ಸುರಿಯುವ ಬದಲು ಪ್ರತಿಯೊಬ್ಬರಿಗೂ ಕಾರ್ಡುಗಳ ಒಂದು ಪ್ಯಾಕ್ ಕೊಟ್ಟು, ಉಳಿದುದನ್ನು ಮೇಲಿನ ನಾಲ್ವರಿಗೆ ಹಂಚಿದರೆ ಗೆಲುವಿನ ಗೌರವಕ್ಕೆ ಕುಂದು ಬರುವುದಿಲ್ಲ.

ಹಣವುಳ್ಳವರ ಮಕ್ಕಳು ಆನ್‌ಲೈನ್‌ನಲ್ಲಿ ಬೇಕಾದ ಕಾರ್ಡುಗಳನ್ನೇ ಬಿಡಿಯಾಗಿ ತರಿಸಿಕೊಳ್ಳುತ್ತಾರೆ. ಉಳಿದವರ ಬಳಿ ಶಾಲೆಯ ಎದುರಿನ ಅಂಗಡಿಯಲ್ಲಿ ಸಿಗುವ, ಚಿನ್ನದ ಬಣ್ಣದ ಪ್ಲಾಸ್ಟಿಕ್ಕಿನ ನಕಲಿ ಕಾರ್ಡುಗಳಿರುತ್ತವೆ. ನಕಲಿ ಕಾರ್ಡು ತಂದ ಮಗುವನ್ನು ಎಲ್ಲರೆದುರು ನಕ್ಕು ಹಿಂದಕ್ಕೆ ಕಳಿಸಿದ್ದನ್ನು ನಾನು ಕಂಡಿದ್ದೇನೆ. ಅಧಿಕೃತ ಪಂದ್ಯಾಟದಲ್ಲಿ ನಕಲಿ ಕಾರ್ಡಿಗೆ ಅವಕಾಶವಿಲ್ಲ ಎಂಬುದು ಸರಿಯೇ. ಆದರೆ ಸಂಘಟಕರು ಸಿದ್ಧ ಡೆಕ್ಕುಗಳು ನಾಲ್ಕಾರನ್ನು ಇಟ್ಟುಕೊಂಡು ಅಂಥ ಮಕ್ಕಳಿಗೆ ಆ ದಿನದ ಮಟ್ಟಿಗೆ ಎರವಲು ಕೊಡಬಹುದು. ಹೊಸ ಕಾರ್ಡುಗಳ ಬಿಡುಗಡೆಗೆ ಮುಂಚೆ ನಡೆಯುವ ಪ್ರೀರಿಲೀಸ್ ಎಂಬ ಪಂದ್ಯಾಟದಲ್ಲಿ ಎಲ್ಲರಿಗೂ ಸಮಾನವಾಗಿ ಮುಚ್ಚಿದ ಪೊಟ್ಟಣಗಳನ್ನು ಕೊಟ್ಟು, ಅದರಲ್ಲಿ ಬಂದುದರಿಂದಲೇ 40 ಕಾರ್ಡುಗಳ ಡೆಕ್ ಕಟ್ಟಿಸುತ್ತಾರೆ. ಮನೆಯ ಸ್ಥಿತಿಗತಿ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಗೆಲ್ಲಲು ಆಡುವುದೇ ತಪ್ಪೆಂದು ನಾನು ಭಾವಿಸುವುದಿಲ್ಲ. ವಾರಗಟ್ಟಲೆ ಯೋಚಿಸಿ ಡೆಕ್ ಕಟ್ಟಿ, ತಲೆತಗ್ಗಿಸಿ ಆಡಿ, ಗೆದ್ದ ಮೇಲೆ ಎದುರಾಳಿಗೆ ಅವನ ತಪ್ಪೆಲ್ಲಿತ್ತು ಎಂದು ತೋರಿಸಿಕೊಡುವ ಹುಡುಗರು ಈ ಊರಿನಲ್ಲೇ ಇದ್ದಾರೆ. ಅವರಷ್ಟು ಒಳ್ಳೆಯ ಗುರುಗಳು ಚಿಕ್ಕವರಿಗೆ ಸಿಗಲಾರರು. ಇದಕ್ಕೆ ವಿರುದ್ಧವಾಗಿ, ತಾವು ಸಂತೋಷಕ್ಕಾಗಿ ಆಡುವವರೆಂದು ಹೇಳಿಕೊಳ್ಳುತ್ತ, ಸೋತ ಕೂಡಲೇ ಎದುರಾಳಿ ಬಲವಾದ ಡೆಕ್ ತಂದದ್ದೇ ಅಪರಾಧವೆಂಬಂತೆ ಹಂಗಿಸುವವರೂ ಇದ್ದಾರೆ. ಅದು ಕೂಡ ಕ್ರೀಡಾ ಮನೋಭಾವವಲ್ಲ. ಚಿಕ್ಕವನೆಂದು ಬೇಕೆಂದೇ ಸೋಲುವುದೂ ಬೇಡ. ಮಕ್ಕಳಿಗೆ ಅದು ಬೇಗ ತಿಳಿಯುತ್ತದೆ, ಮತ್ತು ಸೋಲಿಗಿಂತ ಹೆಚ್ಚು ನೋವಾಗುತ್ತದೆ.

ನಮ್ಮ ಜಿಲ್ಲೆಗೆ ವಿಶೇಷವಾದ ಒಂದು ಸಂಗತಿಯಿದೆ. ಕಾರ್ಡುಗಳ ಮೇಲಿನ ಬರಹವೆಲ್ಲ ಇಂಗ್ಲಿಷಿನಲ್ಲಿರುತ್ತದೆ. ಆಡುವ ಮಕ್ಕಳಲ್ಲಿ ಕನ್ನಡ ಮಾಧ್ಯಮದವರೂ ಉರ್ದು ಮಾಧ್ಯಮದವರೂ ಇದ್ದಾರೆ. ಆಟದಲ್ಲಿರುವ ಕಾರ್ಡನ್ನು ಕೇಳಿ ಓದುವ ಹಕ್ಕು ಎದುರಾಳಿಗೆ ಇದೆ, ಆದರೆ ಓದಿ ಅರ್ಥಮಾಡಿಕೊಳ್ಳಲಾಗದ ಮಗು ಎದುರಿನವನ ಮಾತನ್ನೇ ನಂಬಬೇಕಾಗುತ್ತದೆ. ಆಗ ಅರ್ಧ ಹೇಳಿ ಅರ್ಧ ಮುಚ್ಚಿಡುವವನನ್ನು ಹಿಡಿಯಲು ತೀರ್ಪುಗಾರರು ಬೇಕು. ಅವರಿಗೆ ಕನ್ನಡವೂ ದಖನಿಯೂ ಬರಬೇಕು. ಎರಡೂ ಮಾತು ಬಲ್ಲ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಮೇಜಿನಿಂದ ಮೇಜಿಗೆ ಹೋಗಿ ಕಾರ್ಡುಗಳ ಅರ್ಥ ಹೇಳುತ್ತಿದ್ದ ಒಂದು ಮಧ್ಯಾಹ್ನ ಒಂದೂ ಜಗಳವಾಗಲಿಲ್ಲ. ಪಾಲಕರು ಮಕ್ಕಳ ಬೆನ್ನಹಿಂದೆ ನಿಂತು ಯಾವ ಕಾರ್ಡು ಹಾಕಬೇಕೆಂದು ಪಿಸುಗುಟ್ಟುವುದು ಹೊರಗಿನ ಸಹಾಯವೆನಿಸಿ ದಂಡಕ್ಕೆ ಗುರಿಯಾಗುವ ಕೃತ್ಯ; ಅವರಿಗೆ ದೂರದಲ್ಲಿ ಕುರ್ಚಿ ಹಾಕಿಕೊಡುವುದು ಒಳಿತು.

ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುವ ಈ ಊರಿನಲ್ಲಿ ಬೇಸಿಗೆ ರಜೆಯ ಮಧ್ಯಾಹ್ನಗಳನ್ನು ಮಕ್ಕಳು ಚಾವಣಿಯ ಕೆಳಗೇ ಕಳೆಯಬೇಕಾಗುತ್ತದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯು ವಾರಕ್ಕೊಂದು ಮಧ್ಯಾಹ್ನ ಒಂದು ಕೊಠಡಿಯನ್ನೂ ಕೆಲವು ಮೇಜುಗಳನ್ನೂ ಈ ಮಕ್ಕಳಿಗೆ ಬಿಟ್ಟುಕೊಡಬೇಕೆಂದು ವಿನಂತಿಸುತ್ತೇನೆ. ಪಂದ್ಯಾಟ ನಡೆಸುವವರು ಬರುವ ರಜೆಯಿಂದಲೇ ನಾಕೌಟ್ ಬಿಟ್ಟು ಸ್ವಿಸ್ ಸುತ್ತುಗಳನ್ನು ಅಳವಡಿಸಿಕೊಳ್ಳಲಿ, ಹದಿನಾಲ್ಕರ ಒಳಗಿನವರಿಗೆ ಪ್ರತ್ಯೇಕ ಪಟ್ಟಿ ಇಡಲಿ. ಜೋಡಿ ಹಾಕುವ ಮತ್ತು ಅಂಕಪಟ್ಟಿ ಬರೆಯುವ ಕೆಲಸಕ್ಕೆ ಜನ ಸಿಗುವುದಿಲ್ಲವೆಂದು ಸಂಘಟಕರು ಹೇಳುವುದನ್ನು ಕೇಳಿದ್ದೇನೆ. ಸಂಭಾವನೆಯಿಲ್ಲದೆ ಆ ಕೆಲಸ ಮಾಡಿಕೊಡಲು ನಾನು ಮತ್ತು ನನ್ನ ಇಬ್ಬರು ನಿವೃತ್ತ ಸಹೋದ್ಯೋಗಿಗಳು ಸಿದ್ಧರಿದ್ದೇವೆ.

ಇಂತಿ,
ನಿವೃತ್ತ ಗಣಿತ ಶಿಕ್ಷಕ,
ಸೇಡಂ ರಸ್ತೆ, ಕಲಬುರಗಿ