ಅಶ್ವಶಕ್ತಿಗಿಂತ ಮೊದಲು ಬಿಸಿಯ ಲೆಕ್ಕ

ಮಾನ್ಯ ಸಂಪಾದಕರೇ,

ಹಳೆಯ ಕಾರಿನ ಡೀಸೆಲ್ ಎಂಜಿನ್ನಿಗೆ ಟರ್ಬೊ (ಹೊರಬರುವ ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಸಾಧನ) ಜೋಡಿಸಿ ಹೊಸದಾಗಿ ಕಟ್ಟಿಕೊಳ್ಳುವ ಹವ್ಯಾಸಿಗಳ ಉತ್ಸಾಹ ನಿಜಕ್ಕೂ ಮೆಚ್ಚತಕ್ಕದ್ದು. ಆದರೆ ಆ ಕುರಿತ ಮಾತೆಲ್ಲ ಅಶ್ವಶಕ್ತಿಯ ಸುತ್ತಲೇ ಗಿರಕಿ ಹೊಡೆಯುತ್ತಿರುವುದು ಕಳವಳದ ಸಂಗತಿ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿ ಹೆಚ್ಚಿದ ಮಾತ್ರಕ್ಕೆ ಶಕ್ತಿ ಹೆಚ್ಚುವುದಿಲ್ಲ. ಪಂಪಿನಿಂದ ಇಂಧನವನ್ನೂ ಹೆಚ್ಚಿಸಬೇಕಾಗುತ್ತದೆ, ಅದು ಗಾಳಿಯ ಪ್ರಮಾಣವನ್ನು ಮೀರಿದರೆ ಕಪ್ಪು ಹೊಗೆಯ ಜೊತೆಗೆ ಸಿಲಿಂಡರಿನೊಳಗಿನ ಬಿಸಿಯೂ ಏರಿ, ಪಿಸ್ಟನ್ನಿನ ತಲೆ ಬಿರುಕು ಬಿಡುವ ಅಥವಾ ಕರಗುವ ಹಂತಕ್ಕೆ ಬರುತ್ತದೆ.

ಮರ್ಸಿಡಿಸ್-ಬೆಂಜ್ ಕಂಪನಿಯು 1978ರಲ್ಲಿ 300 ಎಸ್‌ಡಿ ಕಾರಿನ ಐದು ಸಿಲಿಂಡರುಗಳ ಡೀಸೆಲ್ ಎಂಜಿನ್ನಿಗೆ ಟರ್ಬೊ ಅಳವಡಿಸಿದಾಗ, ಪಿಸ್ಟನ್‌ಗಳ ಅಡಿಗೆ ಆಯಿಲ್ ಚಿಮ್ಮಿಸಿ ತಂಪಾಗಿಡುವ ಏರ್ಪಾಡನ್ನೂ ಮಾಡಿತ್ತು. ಟರ್ಬೊ ಇಲ್ಲದ ಹಳೆಯ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಈ ಏರ್ಪಾಡು ಇರುವುದಿಲ್ಲ. ಮೇಲಾಗಿ ಅವುಗಳಲ್ಲಿ ಹಲವಕ್ಕೆ ಸಂಕೋಚನ ಅನುಪಾತ (ಸಿಲಿಂಡರಿನಲ್ಲಿ ಗಾಳಿ ಎಷ್ಟು ಪಟ್ಟು ಕುಗ್ಗುತ್ತದೆಂಬ ಲೆಕ್ಕ) 20ಕ್ಕೂ ಮಿಗಿಲಾಗಿರುವುದರಿಂದ, ಒತ್ತಿದ ಗಾಳಿಯ ಹೊರೆ ನೇರವಾಗಿ ಸಿಲಿಂಡರುಗಳ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಬಿಗಿ ಪದರವಾದ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಬೀಳುತ್ತದೆ. ಆದ್ದರಿಂದ ಕಾರ್ಖಾನೆಯಲ್ಲೇ ಟರ್ಬೊಗೆಂದು ರೂಪಿಸಿದ ಬ್ಲಾಕ್ ಮತ್ತು ಪಿಸ್ಟನ್‌ಗಳಿಂದ ಕೆಲಸ ಆರಂಭಿಸುವುದೇ ಜಾಣತನವೆಂದು ನನ್ನ ದೃಢ ಅಭಿಪ್ರಾಯ.

ಟರ್ಬೊ ಒತ್ತುವ ಗಾಳಿಯ ಒತ್ತಡ ತೋರಿಸುವ ಬೂಸ್ಟ್ ಮೀಟರಿಗಿಂತಲೂ ಮುಖ್ಯವಾದದ್ದು ಟರ್ಬೈನಿಗೆ (ಹೊಗೆಯಿಂದ ತಿರುಗುವ ಟರ್ಬೊ ಚಕ್ರಕ್ಕೆ) ಮೊದಲೇ, ಸಿಲಿಂಡರುಗಳ ಹೊಗೆ ಸೇರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಕೂರಿಸುವ ತಾಪಮಾಪಕ. ದೀರ್ಘ ಏರಿನಲ್ಲಿ ಅದರ ಮುಳ್ಳು ಸುಮಾರು 700 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಚಾಲಕ ಕಾಲು ಸಡಿಲಿಸಲೇಬೇಕು. ಇಂಟರ್‌ಕೂಲರ್ ಇದ್ದರೆ ಗಾಳಿ ತಂಪಾಗಿ ಸಾಂದ್ರವಾಗುವುದರಿಂದ ಸ್ವಲ್ಪ ನಿರಾಳ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಬಾರಿ ಸುತ್ತಬಲ್ಲ ಟರ್ಬೊ ದಂಡಕ್ಕೆ ಶುದ್ಧ ಆಯಿಲ್ ಪೂರೈಕೆ, ಆ ಆಯಿಲ್ ಮರಳಿ ಇಳಿಯಲು ಧಾರಾಳ ಅಗಲದ ಕೊಳವೆ ಎರಡೂ ಬೇಕು. ಹೆಚ್ಚಿದ ಶಕ್ತಿಯನ್ನು ತಾಳಬೇಕಾದ ಕ್ಲಚ್, ಬ್ರೇಕುಗಳ ಬಲವರ್ಧನೆಯನ್ನಂತೂ ಮುಂದೂಡಲೇಬಾರದು.

ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಇಂತಹ ಮಾರ್ಪಾಡುಗಳ ಬಗ್ಗೆ ಬರೆಯುವಾಗ ಈ ಅಂಶಗಳಿಗೂ ಜಾಗ ಕೊಡಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ